ಬಿಲ್ಲೆ ಕಿತ್ತ ಸಮವಸ್ತ್ರ: ಗೋರಿಂಗನ ಉಡುಪುಗಳು ಹರಾಜಿಗೆ ಬಂದ ಪ್ರಕರಣ

2016ರ ಜೂನ್ ತಿಂಗಳಲ್ಲಿ ಮ್ಯೂನಿಕ್‌ನ ಹೆರ್ಮನ್ ಹಿಸ್ಟಾರಿಕಾ ಹರಾಜು ಮನೆಯಲ್ಲಿ ಒಂದು ರೇಷ್ಮೆಯ ಒಳಚಡ್ಡಿ 3,000 ಯೂರೋಗೆ ಬಿಕರಿಯಾಯಿತು. ಅದು ಯುದ್ಧಕಾಲದ ಜರ್ಮನಿಯ ವಾಯುಪಡೆಯಾದ ಲುಫ್ಟ್‌ವಾಫೆಯ ಮುಖ್ಯಸ್ಥ ಹೆರ್ಮನ್ ಗೋರಿಂಗನದು. ಅವನು ನ್ಯೂರೆಂಬರ್ಗ್ ಸೆರೆಮನೆಯಲ್ಲಿ ನುಂಗಿದ ಸಯನೈಡನ್ನು ಇಟ್ಟಿದ್ದ ಹಿತ್ತಾಳೆಯ ಪುಟ್ಟ ಕರಡಿಗೆ ಅದೇ ಹರಾಜಿನಲ್ಲಿ 26,000 ಯೂರೋಗೂ, ಹಿಟ್ಲರನ ಒಂದು ಜಾಕೆಟ್ಟು 2,75,000 ಯೂರೋಗೂ ಹೋದವು. ಪತ್ರಕರ್ತರನ್ನು ದೂರವಿಟ್ಟಿದ್ದ ಆ ಹರಾಜಿನ ಒಳಗಿದ್ದು ಬರೆದ ಬಿಲ್ಡ್ ಪತ್ರಿಕೆಯ ವರದಿಯ ಪ್ರಕಾರ, ಅರ್ಜೆಂಟೀನಾದಿಂದ ಬಂದಿರುವುದಾಗಿಯೂ ವಸ್ತುಸಂಗ್ರಹಾಲಯವೊಂದಕ್ಕಾಗಿ ಕೊಳ್ಳುತ್ತಿರುವುದಾಗಿಯೂ ಹೇಳಿಕೊಂಡ ಒಬ್ಬನೇ ವ್ಯಕ್ತಿ ಐವತ್ತಕ್ಕೂ ಹೆಚ್ಚು ವಸ್ತುಗಳನ್ನು ಆರು ಲಕ್ಷ ಯೂರೋಗೂ ಮಿಕ್ಕಿದ ಹಣಕ್ಕೆ ಕೊಂಡುಕೊಂಡ.

ಲುಫ್ಟ್‌ವಾಫೆಯ ಸಮವಸ್ತ್ರ ಮತ್ತು ಲಾಂಛನಗಳ ಸಂಗ್ರಹವನ್ನು ಗಂಭೀರವಾಗಿ ನೋಡುವವರಿಗೆ ಈ ಹರಾಜು ಹಲವು ಪ್ರಶ್ನೆಗಳನ್ನು ಒಟ್ಟಿಗೆ ಮುಂದಿಡುತ್ತದೆ. ಒಂದು ಬಟ್ಟೆ ಇಂಥವರದೇ ಎಂದು ಹೇಗೆ ಗೊತ್ತಾಗುತ್ತದೆ? ಅದರ ಬೆಲೆ ನೂಲಿನಲ್ಲಿದೆಯೋ, ಹೆಸರಿನಲ್ಲಿದೆಯೋ, ಕೈಯಿಂದ ಕೈಗೆ ಬಂದ ದಾಖಲೆಯಲ್ಲಿದೆಯೋ? ಇಂಥ ವಸ್ತು ಯಾರ ಬಳಿ ಇರಬೇಕು? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹರಾಜಾದದ್ದು ಒಂದು ಮೂಲದಿಂದ ಬಂದು, ಒಬ್ಬನ ಬಳಿ ದಶಕಗಳ ಕಾಲ ಕೂಡಿ ಉಳಿದಿದ್ದ ಸಂಗ್ರಹ. ಅದರಲ್ಲಿ ಮುಖ್ಯವಾದ ಸಾಕ್ಷ್ಯವೆಂದರೆ ಆ ವಸ್ತುಗಳು ಒಟ್ಟಿಗಿದ್ದದ್ದೇ. ಹರಾಜಿನಲ್ಲಿ ಕಳೆದುಹೋದದ್ದು ಅದು.

ಸಾಮಾನ್ಯನ ನೀಲಿಬೂದು ಅಂಗಿ, ಮುಖ್ಯಸ್ಥನ ಮಾಸಲು ಬೂದು ಅಂಗಿ

ಮೊದಲ ಮಹಾಯುದ್ಧದ ನಂತರದ ಒಪ್ಪಂದದ ಪ್ರಕಾರ ಜರ್ಮನಿಗೆ ವಾಯುಪಡೆ ಇಟ್ಟುಕೊಳ್ಳುವ ಹಕ್ಕಿರಲಿಲ್ಲ. ಆದ್ದರಿಂದ 1933ರಲ್ಲಿ ವಾಯುಕ್ರೀಡಾ ಸಂಘದ ಹೆಸರಿನಲ್ಲಿ ವಿಮಾನ ಚಾಲಕರನ್ನು ಸಂಘಟಿಸಿ, ಅವರಿಗೆ ನೀಲಿಬೂದು ಬಣ್ಣದ ಉಡುಪನ್ನು ಹೊಲಿಸಲಾಯಿತು; 1935ರಲ್ಲಿ ಲುಫ್ಟ್‌ವಾಫೆಯ ಅಸ್ತಿತ್ವವನ್ನು ಬಹಿರಂಗವಾಗಿ ಘೋಷಿಸಿದಾಗ ಅದೇ ಉಡುಪು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಸೇನೆಯ ಸಮವಸ್ತ್ರವಾಯಿತು. ಭೂಸೇನೆಯವರು ಕತ್ತಿನವರೆಗೆ ಗುಂಡಿ ಹಾಕುವ ಅಂಗಿ ತೊಡುತ್ತಿದ್ದ ಕಾಲದಲ್ಲಿ ವಾಯುಪಡೆಯವರು ತೆರೆದ ಕಾಲರಿನ ಕೋಟು, ಷರಟು, ಟೈ ತೊಟ್ಟರು. ಕೋಟಿನ ಜೊತೆಗೆ, ವಿಮಾನದೊಳಗೆ ಎಲ್ಲೂ ಸಿಕ್ಕಿಕೊಳ್ಳದಂತೆ ಗುಂಡಿಗಳನ್ನು ಪಟ್ಟಿಯ ಕೆಳಗೆ ಮರೆಮಾಡಿದ ಮೋಟು ಅಂಗಿಯೊಂದಿತ್ತು. ಫ್ಲೀಗರ್‌ಬ್ಲೂಸೆ ಎಂಬ ಈ ಅಂಗಿಯೇ ಯುದ್ಧದುದ್ದಕ್ಕೂ ಬಹುಪಾಲು ಸೈನಿಕರ ಮೈಮೇಲಿದ್ದದ್ದು.

ಇದರ ಲಾಂಛನಗಳನ್ನು ಓದುವುದಕ್ಕೆ ಅಭ್ಯಾಸ ಬೇಕು. ಕಾಲರಿನ ಪಟ್ಟಿಯ ಬಣ್ಣ ಸೈನಿಕನ ಶಾಖೆಯನ್ನು ಹೇಳುತ್ತದೆ: ಹಳದಿಯಾದರೆ ಹಾರಾಟದ ಪಡೆ ಅಥವಾ ಪ್ಯಾರಾಶೂಟ್ ಪಡೆ, ಕೆಂಪಾದರೆ ವಿಮಾನ ನಿರೋಧಕ ಫಿರಂಗಿ ದಳ, ಹೊಂಗಂದಾದರೆ ಸಂಪರ್ಕ ದಳ, ಬಿಳಿಯಾದರೆ ಜನರಲ್‌ಗಳು. ಪಟ್ಟಿಯ ಮೇಲಿನ ಪುಟ್ಟ ರೆಕ್ಕೆಗಳ ಸಂಖ್ಯೆ ದರ್ಜೆಯನ್ನು ಹೇಳುತ್ತದೆ. ಅಧಿಕಾರಿಗಳಿಗಾದರೆ ರೆಕ್ಕೆಯ ಜೊತೆಗೆ ಓಕ್ ಎಲೆ ಸೇರುತ್ತದೆ. ಎದೆಯ ಮೇಲಿನ ಹಾರುವ ಹದ್ದಿಗೆ ಎರಡು ರೂಪಗಳಿವೆ. ಆರಂಭದ ಕೆಲವೇ ವರ್ಷ ಬಳಕೆಯಲ್ಲಿದ್ದ, ಬಾಲ ಕೆಳಗಿಳಿಬಿದ್ದ ಹದ್ದು ಇಂದು ವಿರಳ. ನಂತರದ್ದು ಯುದ್ಧ ಮುಗಿಯುವವರೆಗೂ ಉಳಿಯಿತು. 1940ರಲ್ಲಿ ಸಾಮಾನ್ಯ ಸೈನಿಕರ ಕಾಲರಿನ ಸುತ್ತಲಿದ್ದ ಬಣ್ಣದ ಅಂಚನ್ನು ಕೈಬಿಡಲಾಯಿತು. ಹೀಗಾಗಿ ಅಂಚಿರುವ ಅಂಗಿಗೂ ಇಲ್ಲದ ಅಂಗಿಗೂ ಕಾಲದ ವ್ಯತ್ಯಾಸವಿದೆ, ಬೆಲೆಯ ವ್ಯತ್ಯಾಸವೂ ಇದೆ.

ಹದ್ದಿನ ಕಾಲಿನಲ್ಲಿರುವ ಚಿಹ್ನೆಯ ಬಗ್ಗೆ ಕನ್ನಡದ ಓದುಗರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ಮನೆಗಳ ಹೊಸ್ತಿಲ ಮೇಲೆ, ವ್ಯಾಪಾರಿಗಳ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆಯುವ ಸ್ವಸ್ತಿಕವನ್ನು ಅದು ಹೋಲುತ್ತದೆಯಾದರೂ ಜರ್ಮನರು ಅದನ್ನು ಕರೆಯುವುದು ಹಾಕೆನ್‌ಕ್ರಾಯ್ಟ್ಸ್ ಎಂದು; ಆ ಮಾತಿನ ಅರ್ಥ ಕೊಕ್ಕೆ ಶಿಲುಬೆ. ಲಕ್ಷಾಂತರ ಯೆಹೂದಿಗಳನ್ನು ಕೊಂದ ಆಡಳಿತದ ಗುರುತು ಅದು. ಈ ಸಂಗ್ರಹಗಳ ಬಗ್ಗೆ ಬರೆಯುವಾಗ ಅದನ್ನು ಒಂದು ಅಲಂಕಾರವೆಂಬಂತೆ ವಿವರಿಸಿ ಮುಂದೆ ಹೋಗುವುದು ನನಗೆ ಸಾಧ್ಯವಿಲ್ಲ.

ಇನ್ನು ಗೋರಿಂಗನ ಉಡುಪು. ಮೊದಲ ಮಹಾಯುದ್ಧದಲ್ಲಿ 22 ವಿಮಾನಗಳನ್ನು ಉರುಳಿಸಿದ ಹೆಗ್ಗಳಿಕೆಯ ಈ ಚಾಲಕ 1938ರ ಫೆಬ್ರುವರಿಯಲ್ಲಿ ಫೀಲ್ಡ್ ಮಾರ್ಷಲ್ ಆದ. 1940ರ ಜುಲೈ 19ರಂದು ಅವನಿಗೆ ಫೀಲ್ಡ್ ಮಾರ್ಷಲ್‌ಗಿಂತಲೂ ಮೇಲಿನ ರೈಷ್‌ಮಾರ್ಷಲ್ ಎಂಬ ಪದವಿ ಬಂತು. ಆ ಆಡಳಿತದ ಕಾಲದಲ್ಲಿ ಆ ಪದವಿ ಅವನೊಬ್ಬನಿಗೇ ಇತ್ತು. ಅದೇ ದಿನ ಸಿಕ್ಕ ಕಬ್ಬಿಣದ ಶಿಲುಬೆಯ ಮಹಾಪದಕವನ್ನೂ ಎರಡನೆಯ ಮಹಾಯುದ್ಧದಲ್ಲಿ ಬೇರಾರೂ ಪಡೆಯಲಿಲ್ಲ. ಸಂಗ್ರಾಹಕರು ವಿರಳ ಎನ್ನುವ ಮಾತನ್ನು ಬಹಳ ಸಡಿಲವಾಗಿ ಬಳಸುತ್ತಾರೆ; ಇಲ್ಲಿ ಮಾತ್ರ ಅದು ಅಕ್ಷರಶಃ ನಿಜ, ಏಕೆಂದರೆ ಆ ಲಾಂಛನವನ್ನು ತೊಟ್ಟವನು ಲೋಕದಲ್ಲಿ ಒಬ್ಬನೇ. ನಿಯಮದ ನೀಲಿಬೂದನ್ನು ಬಿಟ್ಟು ಪಾರಿವಾಳದ ಮೈಬಣ್ಣದ ಮಾಸಲು ಬೂದು ಬಟ್ಟೆಯಲ್ಲಿ, ಬೇಸಿಗೆಯಲ್ಲಿ ಬಿಳಿಯ ಬಟ್ಟೆಯಲ್ಲಿ, ತನಗೆ ಬೇಕಾದ ಹೊಲಿಗೆಯಲ್ಲಿ ಅವನು ಉಡುಪು ಮಾಡಿಸಿಕೊಂಡ. ಕೈಯಲ್ಲಿ ಆ ಪದವಿಯ ಗುರುತಾದ ದಂತದ ದಂಡವಿತ್ತು.

1945: ಪದವಿ ಹೋದ ಮೇಲೂ ಉಳಿದ ಬಿಲ್ಲೆ

ಇಡೀ ಪ್ರಕರಣದ ಜೀವಾಳ 1945ರ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ನಾಲ್ಕೈದು ತಿಂಗಳುಗಳಲ್ಲಿದೆ. ಗೋರಿಂಗನಿಗೆ ಸೇರಿದ್ದೆನ್ನುವ ಯಾವುದೇ ವಸ್ತು ಇಂದು ಮಾರುಕಟ್ಟೆಗೆ ಬಂದರೂ ಅದು ಈ ಅವಧಿಯಲ್ಲಿ ಯಾವ ದಾರಿಯಿಂದ ಹೊರಬಿತ್ತು ಎಂಬುದನ್ನೇ ಮೊದಲು ಕೇಳಬೇಕು.

ಮೊದಲನೆಯ ದಾರಿ ಲೂಟಿಯದು. ಬರ್ಲಿನ್‌ನ ಉತ್ತರದಲ್ಲಿದ್ದ ಕಾರಿನ್‌ಹಾಲ್ ಎಂಬ ತನ್ನ ಬಂಗಲೆಯನ್ನು ಸೋವಿಯತ್ ಸೇನೆ ಹತ್ತಿರವಾದಾಗ ಗೋರಿಂಗ್ ಸ್ಫೋಟಿಸಲು ಆಜ್ಞೆ ಮಾಡಿದ. ಅದಕ್ಕೂ ಮುನ್ನ ಅಲ್ಲಿನ ಕಲಾಕೃತಿಗಳನ್ನೂ ಸಾಮಾನುಗಳನ್ನೂ ರೈಲಿನಲ್ಲಿ ದಕ್ಷಿಣದ ಬೆರ್ಖ್ಟೆಸ್‌ಗಾಡೆನ್‌ಗೆ ಸಾಗಿಸಲಾಗಿತ್ತು. ಯುದ್ಧದ ಕೊನೆಯ ದಿನಗಳ ಗೊಂದಲದಲ್ಲಿ ಆ ಬೋಗಿಗಳಿಗೆ ಊರಿನ ಜನರೂ ಕೈಹಾಕಿದರು, ಸೈನಿಕರೂ ಕೈಹಾಕಿದರು. ಅಮೆರಿಕದ ಸೈನಿಕನೊಬ್ಬ ಇಂಥ ವಸ್ತುವನ್ನು ಕಾನೂನುಬದ್ಧವಾಗಿ ಮನೆಗೆ ಒಯ್ಯಬೇಕಾದರೆ ಮೇಲಧಿಕಾರಿ ಸಹಿ ಮಾಡಿದ ಪ್ರಮಾಣಪತ್ರ ಬೇಕಾಗಿತ್ತು. ಆ ಕಾಗದ ಇಂದಿಗೂ ಜೊತೆಗಿದ್ದರೆ ವಸ್ತುವಿನ ತೂಕ ಹೆಚ್ಚುತ್ತದೆ. ಕಾಗದವಿಲ್ಲದೆ ಅಜ್ಜ ಅಲ್ಲಿಂದ ತಂದದ್ದು ಎಂಬ ಮಾತಿನ ಆಧಾರವಷ್ಟೇ ಇರುವ ವಸ್ತುಗಳನ್ನು ನಾನು ನಂಬುವುದಿಲ್ಲ.

ಎರಡನೆಯದು ಅಧಿಕೃತ ಜಪ್ತಿಯ ದಾರಿ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಏಪ್ರಿಲ್ 23ರಂದು ಗೋರಿಂಗ್ ತಾನೇ ಅಧಿಕಾರ ವಹಿಸಿಕೊಳ್ಳಬಹುದೇ ಎಂದು ಹಿಟ್ಲರನಿಗೆ ತಂತಿ ಕಳುಹಿಸಿದ. ಕೆರಳಿದ ಹಿಟ್ಲರ್ ಅವನನ್ನು ಎಲ್ಲ ಹುದ್ದೆಗಳಿಂದ ಕಿತ್ತುಹಾಕಿ, ಲುಫ್ಟ್‌ವಾಫೆಯನ್ನು ರಾಬರ್ಟ್ ರಿಟ್ಟರ್ ಫಾನ್ ಗ್ರೈಮನಿಗೆ ವಹಿಸಿದ. ಏಪ್ರಿಲ್ 29ರ ತನ್ನ ರಾಜಕೀಯ ಉಯಿಲಿನಲ್ಲಿ ಗೋರಿಂಗನನ್ನು ಪಕ್ಷದಿಂದ ಹೊರಹಾಕಿ ಹಿಂದಿನ ರೈಷ್‌ಮಾರ್ಷಲ್ ಎಂದು ಕರೆದ. ಹೀಗಿದ್ದೂ ಮೇ ತಿಂಗಳಲ್ಲಿ ಆಸ್ಟ್ರಿಯಾದಲ್ಲಿ ಅಮೆರಿಕದ 36ನೆಯ ಪದಾತಿ ವಿಭಾಗಕ್ಕೆ ಶರಣಾಗುವಾಗ ಅವನ ಹೆಗಲ ಮೇಲೆ ಭುಜಪಟ್ಟಿ, ಎದೆಯ ಮೇಲೆ ಪದಕಗಳು ಎಲ್ಲವೂ ಇದ್ದವು. ಅವನು ಸೇವೆ ಸಲ್ಲಿಸಿದ ಆಡಳಿತವೇ ಹಿಂತೆಗೆದುಕೊಂಡಿದ್ದ ಪದವಿಯ ಲಾಂಛನವನ್ನು ಅವನು ತನ್ನನ್ನು ಸೆರೆಹಿಡಿದವರ ಮುಂದೆ ತೊಟ್ಟು ನಿಂತಿದ್ದ. ಔಗ್ಸ್‌ಬರ್ಗ್‌ನಲ್ಲಿ ಪತ್ರಕರ್ತರ ಮುಂದೆ ಕೂರಿಸಿದಾಗ ತೆಗೆದ ಚಿತ್ರಗಳು ಆ ಲಾಂಛನಗಳನ್ನು ಅವನ ಮೈಮೇಲೆ ತೋರಿಸುವ ಕಡೆಯ ಚಿತ್ರಗಳಲ್ಲಿ ಸೇರಿವೆ. ಪದಕಗಳನ್ನು ಅಮೆರಿಕದ ಸೇನೆ ತೆಗೆದುಕೊಂಡಿತು. ಅವನ ದಂಡಗಳು ಅದೇ ಸೇನೆಯ ವಶವಾಗಿ, ಇಂದು ವೆಸ್ಟ್ ಪಾಯಿಂಟ್ ಮ್ಯೂಸಿಯಮ್ಮಿನಲ್ಲಿಯೂ ಜಾರ್ಜಿಯಾದ ಕೊಲಂಬಸ್ ನಗರದಲ್ಲಿರುವ ರಾಷ್ಟ್ರೀಯ ಪದಾತಿಪಡೆಯ ಮ್ಯೂಸಿಯಮ್ಮಿನಲ್ಲಿಯೂ ಇವೆ.

ಮೂರನೆಯದು ಸೆರೆಮನೆಯ ದಾರಿ. ಇದು ಬಹಳ ಸಣ್ಣದು, ಬಡವಾದದ್ದು. ಆದರೆ ದಾಖಲೆಯ ದೃಷ್ಟಿಯಿಂದ ಶ್ರೀಮಂತವಾದದ್ದು. ಲಕ್ಸೆಂಬರ್ಗ್‌ನ ಮೊಂಡಾರ್ಫ್‌ನಲ್ಲಿ, ಆಮೇಲೆ ಆಗಸ್ಟ್‌ನಿಂದ ನ್ಯೂರೆಂಬರ್ಗ್‌ನಲ್ಲಿ, ಕರ್ನಲ್ ಬರ್ಟನ್ ಆ್ಯಂಡ್ರಸ್ ಅವರ ಕಾವಲಿನಲ್ಲಿ ಕೈದಿಗಳ ದರ್ಜೆಯ ಗುರುತುಗಳನ್ನೆಲ್ಲ ತೆಗೆಸಲಾಯಿತು. ಹತ್ತಾರು ಪೆಟ್ಟಿಗೆ ಸಾಮಾನು, ರಾಶಿ ಮಾತ್ರೆಗಳೊಂದಿಗೆ ಬಂದಿದ್ದ ಸ್ಥೂಲಕಾಯದ ಗೋರಿಂಗ್ ಮಾತ್ರೆಯ ಚಟ ಬಿಡಿಸಿದ ಮೇಲೆ, ಸೆರೆಮನೆಯ ಊಟದಲ್ಲಿ ಬಹಳವೇ ಇಳಿದುಹೋದ. 1945ರ ನವೆಂಬರ್ 20ರಂದು ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ಯುದ್ಧಾಪರಾಧಗಳ ವಿಚಾರಣೆ ಆರಂಭವಾದಾಗ ಕಟಕಟೆಯ ಮೊದಲ ಜಾಗದಲ್ಲಿ ಕುಳಿತವನ ಮೈಮೇಲೆ ಜೋಲಾಡುತ್ತಿದ್ದದ್ದು ಅದೇ ಮಾಸಲು ಬೂದು ಅಂಗಿ. ಕಾಲರು ಬರಿದು, ಹೆಗಲು ಬರಿದು, ಎದೆ ಬರಿದು. ಆ ಪಡೆಯ ಸಮವಸ್ತ್ರಗಳಲ್ಲಿ ಜಗತ್ತು ಹೆಚ್ಚು ನೋಡಿದ ಅಂಗಿಯಲ್ಲಿ ಒಂದೇ ಒಂದು ಲಾಂಛನವೂ ಇರಲಿಲ್ಲ.

ವೈದ್ಯನ ಸಂಗ್ರಹ

ಈ ಮೂರನೆಯ ದಾರಿಯಲ್ಲಿ ನಿಂತಿದ್ದವರು ಡಾ. ಜಾನ್ ಲ್ಯಾಟಿಮರ್. ಅಮೆರಿಕದ ಸೇನೆಯ ವೈದ್ಯರಾಗಿ ನ್ಯೂರೆಂಬರ್ಗ್ ಕೈದಿಗಳ ಆರೈಕೆಯಲ್ಲಿ ಪಾಲುಗೊಂಡಿದ್ದ ಅವರು, ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೂತ್ರರೋಗ ವಿಭಾಗದ ಮುಖ್ಯಸ್ಥರಾದರು. ಅಧ್ಯಕ್ಷ ಕೆನಡಿಯವರ ಶವಪರೀಕ್ಷೆಯ ಎಕ್ಸ್-ರೇಗಳನ್ನು 1972ರಲ್ಲಿ ನೋಡಲು ಅನುಮತಿ ಪಡೆದ, ಸರ್ಕಾರದ ಹೊರಗಿನ ಮೊದಲ ವೈದ್ಯ ಪರಿಣತರೂ ಅವರೇ. ಅವರು ಆಜೀವ ಸಂಗ್ರಾಹಕ. ಲಿಂಕನ್ನರ ರಕ್ತ ಹತ್ತಿದ ಕಾಲರು, ನೆಪೋಲಿಯನ್ನನ ದೇಹದ ಭಾಗವೆಂದು ಹೇಳಲಾದ ಒಣಗಿದ ತುಣುಕು ಇವೆಲ್ಲ ಅವರ ಬಳಿ ಇದ್ದವು. ಸತ್ತವರ ದೇಹಕ್ಕೆ ಆದಷ್ಟೂ ಹತ್ತಿರವಾದ ವಸ್ತುವಿನ ಕಡೆಗೆ ಒಬ್ಬ ವೈದ್ಯನ ಮನಸ್ಸು ಏಕೆ ವಾಲುತ್ತದೆ ಎಂಬುದನ್ನು ಊಹಿಸಬಹುದು. ನ್ಯೂರೆಂಬರ್ಗ್‌ನಿಂದ ಬಂದ ವಸ್ತುಗಳ ಆಯ್ಕೆಯಲ್ಲೂ ಇದೇ ಒಲವು ಕಾಣುತ್ತದೆ: ಒಳ ಉಡುಪು, ಹಿಟ್ಲರನ ತಲೆಯ ಎಕ್ಸ್-ರೇ, 1946ರ ಅಕ್ಟೋಬರ್ 15ರ ರಾತ್ರಿ ಗಲ್ಲಿಗೇರಲು ಕೆಲವೇ ಗಂಟೆಗಳಿದ್ದಾಗ ಗೋರಿಂಗ್ ಬಳಸಿದ ವಿಷದ ಕರಡಿಗೆ.

ಲ್ಯಾಟಿಮರ್ 2007ರಲ್ಲಿ ತೀರಿಕೊಂಡರು. ಅವರ ಸಂಗ್ರಹದ ಈ ಭಾಗ ಒಂಬತ್ತು ವರ್ಷಗಳ ನಂತರ ಮ್ಯೂನಿಕ್‌ಗೆ ಬಂತು.

ಬಟ್ಟೆ ತಾನೇ ಏನು ಹೇಳುತ್ತದೆ

ಒಬ್ಬ ಸಾಮಾನ್ಯ ಸೈನಿಕನ ಫ್ಲೀಗರ್‌ಬ್ಲೂಸೆ ಕೈಗೆ ಬಂದರೆ ಪರೀಕ್ಷೆಗೆ ಅನೇಕ ಹಿಡಿಗಳಿವೆ. ಅಸ್ತರಿನ ಮೇಲೆ ಉಗ್ರಾಣದ ಮುದ್ರೆ, ವರ್ಷ, ಕತ್ತು, ಎದೆ ಮತ್ತು ತೋಳಿನ ಅಳತೆಗಳನ್ನು ಮಸಿಯಲ್ಲಿ ಒತ್ತಿರುತ್ತಾರೆ. ಯುದ್ಧದ ಉತ್ತರಾರ್ಧದಲ್ಲಿ ತಯಾರಕನ ಹೆಸರಿನ ಬದಲು ಸಂಕೇತ ಸಂಖ್ಯೆ ಬರುತ್ತದೆ. ಆರಂಭದ ಬಟ್ಟೆ ಒಳ್ಳೆಯ ಉಣ್ಣೆ. ವರ್ಷಗಳು ಕಳೆದಂತೆ ಕೃತಕ ರೇಷ್ಮೆಯ ಬೆರಕೆ ಹೆಚ್ಚಿ ಬಟ್ಟೆ ಒರಟಾಗುತ್ತದೆ. ಹದ್ದನ್ನು ಯಂತ್ರದಲ್ಲಿ ಕಸೂತಿ ಹಾಕಿದೆಯೋ, ಅಧಿಕಾರಿಗಳದ್ದಾದರೆ ಬೆಳ್ಳಿಬಣ್ಣದ ಜರಿಯಲ್ಲಿ ಕೈಯಿಂದ ಹಾಕಿದೆಯೋ ಎಂಬುದನ್ನು ಹಿಂಬದಿಯಿಂದ ನೋಡಬೇಕು. ಹೊಲಿಗೆಯ ದಾರ ಅಸ್ತರನ್ನು ದಾಟಿ ಒಳಗೆ ಕಾಣಿಸುತ್ತಿದ್ದರೆ ಹದ್ದನ್ನು ಅಂಗಿ ಪೂರ್ಣವಾದ ಮೇಲೆ ಹಚ್ಚಿದ್ದಾರೆಂದು ಅರ್ಥ. ಅದರಿಂದಲೇ ಅಂಗಿ ನಕಲಿ ಎಂದಾಗುವುದಿಲ್ಲ, ಆದರೆ ಯಾವಾಗ, ಯಾರು ಹಚ್ಚಿದರೆಂಬ ಪ್ರಶ್ನೆ ಏಳುತ್ತದೆ. ಅತಿನೇರಳೆ ದೀಪದ ಕೆಳಗೆ ಯುದ್ಧಾನಂತರದ ಕೃತಕ ದಾರ ಬೆಳ್ಳಗೆ ಹೊಳೆಯುತ್ತದೆ. ಈ ಪರೀಕ್ಷೆಯನ್ನು ಕಣ್ಣುಮುಚ್ಚಿ ನಂಬುವವರಿಗೆ ಒಂದು ಎಚ್ಚರಿಕೆ: ಅಸಲಿ ಅಂಗಿಯನ್ನು ಯಾರಾದರೂ ಈಚಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ.

ಲೋಹದ ಬಿಲ್ಲೆಗಳಿಗೂ ಇಂಥದೇ ವ್ಯಾಕರಣವಿದೆ. ವಿಮಾನ ಚಾಲಕನ ಬಿಲ್ಲೆಯಲ್ಲಿ ಮಾಲೆಯ ಮೇಲೆ ಪ್ರತ್ಯೇಕವಾದ ಹದ್ದನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಮೊದಮೊದಲು ತಾಮ್ರದ ಮಿಶ್ರಲೋಹ, ಯುದ್ಧ ಬಿಗಿಯಾದಂತೆ ಸತು. ಬರ್ಲಿನ್‌ನ ಯುಂಕರ್, ಲ್ಯೂಡೆನ್‌ಷೈಡ್‌ನ ಅಸ್ಮನ್ ಮೊದಲಾದ ತಯಾರಕರ ಅಚ್ಚುಗಳಿಗೆ ಒಂದೊಂದು ಚಹರೆ. ಇಲ್ಲಿ ತೊಡಕು ಹುಟ್ಟಿಸಿದ್ದು ಕಳ್ಳರು ಮಾತ್ರ ಅಲ್ಲ, ಕಾನೂನು ಕೂಡ. ಪಶ್ಚಿಮ ಜರ್ಮನಿ 1957ರ ಜುಲೈನಲ್ಲಿ ಮಾಡಿದ ಕಾಯ್ದೆಯಂತೆ ಹಳೆಯ ಸೈನಿಕರು ಕೊಕ್ಕೆ ಶಿಲುಬೆ ತೆಗೆದ ಪದಕಗಳನ್ನು ಧರಿಸಬಹುದಾಯಿತು. ಯುದ್ಧಕಾಲದಲ್ಲಿ ಪದಕ ಮಾಡುತ್ತಿದ್ದ ಕೆಲವು ಕಾರ್ಖಾನೆಗಳೇ ಹೊಸ ಪದಕಗಳನ್ನೂ ಮಾಡಿದವು. ಹಳೆಯ ಅಚ್ಚಿನಿಂದಲೇ ಯುದ್ಧಾನಂತರ ಹೊಡೆದ ಬಿಲ್ಲೆಯನ್ನು ಅಸಲಿ ಎನ್ನಬೇಕೋ ನಕಲಿ ಎನ್ನಬೇಕೋ ಎಂಬ ಜಗಳ ಸಂಗ್ರಾಹಕರ ನಡುವೆ ಇಂದಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ ಅಂಥ ಬಿಲ್ಲೆ ಯುದ್ಧಕಾಲದ್ದಲ್ಲ, ಯುದ್ಧಕಾಲದ್ದೆಂದು ಮಾರುವುದು ಮೋಸ.

ಸಮವಸ್ತ್ರಗಳು ಏಕೆ ಇಷ್ಟು ಕಡಿಮೆ ಉಳಿದವು ಎಂಬುದಕ್ಕೂ 1945ರಲ್ಲೇ ಉತ್ತರವಿದೆ. ಸೋತ ದೇಶದಲ್ಲಿ ಬಟ್ಟೆಗೆ ತೀವ್ರ ಅಭಾವವಿತ್ತು; ಸೇನೆಯ ಉಡುಪನ್ನು ಹಾಗೆಯೇ ತೊಡುವುದನ್ನು ಮಿತ್ರರಾಷ್ಟ್ರಗಳ ಆಡಳಿತ ನಿಷೇಧಿಸಿತು. ಮನೆಗೆ ಮರಳಿದ ಸೈನಿಕರು ಬಿಲ್ಲೆ ಕಿತ್ತು, ಅಂಗಿಗೆ ಬೇರೆ ಬಣ್ಣ ಹಾಕಿಸಿ, ಕೆಲಸಕ್ಕೂ ಹೊಲಕ್ಕೂ ಅದನ್ನೇ ತೊಟ್ಟು ಹರಿದುಹಾಕಿದರು. ಇಂದು ನಾಲ್ಕಾರು ಲಾಂಛನಗಳೊಂದಿಗೆ ಹೊಸದರಂತೆ ಮಿನುಗುವ ಅಂಗಿಗಿಂತ, ಬಣ್ಣ ಹಾಕಿದ, ಕಾಲರಿನ ಮೇಲೆ ಪಟ್ಟಿಯ ನೆರಳು ಮಾತ್ರ ಉಳಿದ ಅಂಗಿಯೊಂದು ಆ ಕಾಲವನ್ನು ಹೆಚ್ಚು ನಿಷ್ಠೆಯಿಂದ ಹೇಳುತ್ತದೆ. ಆದರೆ ಮಾರುಕಟ್ಟೆ ಇಂಥ ಅಂಗಿಯನ್ನು ಹಾಳಾದದ್ದೆಂದು ಬದಿಗಿಡುತ್ತದೆ. ಎಷ್ಟೋ ಸಲ ಅದಕ್ಕೆ ಹೊಸದಾಗಿ ಹದ್ದು ಹಚ್ಚಿ ಅದನ್ನು ನಿಜವಾಗಿಯೂ ಹಾಳುಮಾಡುತ್ತಾರೆ.

ಗೋರಿಂಗನ ಉಡುಪಿಗೆ ಈ ಹಿಡಿಗಳಲ್ಲಿ ಮುಖ್ಯವಾದದ್ದು ಒದಗುವುದಿಲ್ಲ. ಅವನದು ಉಗ್ರಾಣದಿಂದ ಬಂದ ಬಟ್ಟೆಯಲ್ಲ, ಖಾಸಗಿಯಾಗಿ ಮಾಡಿಸಿಕೊಂಡದ್ದು. ಮುದ್ರೆ ಇರುವುದಿಲ್ಲ, ಹೋಲಿಸಿ ನೋಡಲು ಅಂಥದೇ ಸಾವಿರ ಪ್ರತಿಗಳೂ ಇರುವುದಿಲ್ಲ. ಒಳ ಉಡುಪಿನ ಅಳತೆ ಅವನ ಮೈಗೆ ಹೊಂದುತ್ತದೆ ಎಂದಷ್ಟೇ ಬಟ್ಟೆ ಹೇಳಬಲ್ಲದು. ಉಳಿದದ್ದನ್ನು ಕಾಗದ ಹೇಳಬೇಕು, ಇಲ್ಲವೇ ಮನುಷ್ಯ ಹೇಳಬೇಕು. ಲ್ಯಾಟಿಮರ್ ಸಂಗ್ರಹದ ಶಕ್ತಿ ಇರುವುದು ಇಲ್ಲಿ. ಸೆರೆಮನೆಯಲ್ಲಿ ಕೆಲಸ ಮಾಡಿದ, ಹೆಸರು ಹುದ್ದೆಗಳು ಖಚಿತವಾಗಿರುವ ವೈದ್ಯನೊಬ್ಬನಿಂದ ಅವನ ವಾರಸುದಾರರಿಗೆ, ಅಲ್ಲಿಂದ ಹರಾಜು ಮನೆಗೆ: ನಡುವೆ ಅನಾಮಧೇಯ ವ್ಯಾಪಾರಿಗಳಿಲ್ಲ. ಒಂದು ವಸ್ತುವಿನ ಬಗ್ಗೆ ಅನುಮಾನ ಬಂದರೆ ಪಕ್ಕದ ವಸ್ತು ಅದಕ್ಕೆ ಸಾಕ್ಷಿ ನಿಲ್ಲುತ್ತಿತ್ತು.

ಮಾರಾಟ, ಕಾನೂನು, ಆಕ್ಷೇಪ

ಜರ್ಮನಿಯ ದಂಡಸಂಹಿತೆಯ 86ಎ ಕಲಮು ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ಬಳಸುವುದನ್ನು, ಹಂಚುವುದನ್ನು ಅಪರಾಧವೆನ್ನುತ್ತದೆ. ಶಿಕ್ಷಣ, ಸಂಶೋಧನೆ, ಕಲೆ, ಇತಿಹಾಸದ ನಿರೂಪಣೆಗಳಿಗೆ ವಿನಾಯಿತಿ ಇದೆ. ಈ ವಿನಾಯಿತಿಯ ನೆರಳಿನಲ್ಲಿಯೇ ಅಲ್ಲಿನ ಹರಾಜುಗಳು ನಡೆಯುತ್ತವೆ: ಕೊಳ್ಳುವವರು ಇತಿಹಾಸದ ಅಧ್ಯಯನದಂಥ ಉದ್ದೇಶಕ್ಕೆ ಕೊಳ್ಳುತ್ತಿರುವುದಾಗಿ ಒಪ್ಪಿಕೊಳ್ಳಬೇಕು, ಚಿತ್ರಗಳಲ್ಲಿ ಚಿಹ್ನೆಯನ್ನು ಮರೆಮಾಡಬೇಕು. ಗೋರಿಂಗನ ಒಳಚಡ್ಡಿಯಲ್ಲಿ ಮರೆಮಾಡಬೇಕಾದ ಚಿಹ್ನೆಯೇ ಇಲ್ಲ. ಸಾಮಾನ್ಯ ಸೈನಿಕನ ಟೊಪ್ಪಿಯನ್ನು ಮುಟ್ಟುವ ಕಾನೂನು, ಆ ಪಡೆಯನ್ನು ನಡೆಸಿದವನ ಮೈಬಟ್ಟೆಯ ವ್ಯಾಪಾರವನ್ನು ಮುಟ್ಟುವುದೇ ಇಲ್ಲ. ಮ್ಯೂನಿಕ್‌ನ ಯೆಹೂದಿ ಸಮುದಾಯದ ಮುಖ್ಯಸ್ಥೆ ಶಾರ್ಲೊಟ್ಟೆ ಕ್ನೋಬ್ಲೋಖ್ ಈ ಹರಾಜನ್ನು ಕಟುವಾಗಿ ಖಂಡಿಸಿದರು. ಇಂಥ ಮಾರಾಟ ಆ ವ್ಯಕ್ತಿಗಳ ಆರಾಧನೆಗೆ ದಾರಿಮಾಡುತ್ತದೆ ಎಂಬ ಆತಂಕ ನ್ಯಾಯವಾದದ್ದು. ಬೆಲೆಗಳನ್ನು ನೋಡಿದವರಿಗೆ ಅದು ಉತ್ಪ್ರೇಕ್ಷೆ ಎನಿಸುವುದಿಲ್ಲ. ಹಿಟ್ಲರನ ಒಂದು ಜಾಕೆಟ್ಟಿನ ಹಣದಲ್ಲಿ ಸಾಮಾನ್ಯ ಸೈನಿಕರ, ಮುದ್ರೆ ಹೆಸರು ಊರುಗಳಿರುವ ಅಂಗಿಗಳ ಒಂದು ದೊಡ್ಡ ಅಧ್ಯಯನ ಸಂಗ್ರಹವನ್ನೇ ಕಟ್ಟಬಹುದಿತ್ತು.

ಅರ್ಜೆಂಟೀನಾದವನೆಂದು ಹೇಳಿಕೊಂಡವನು ಐವತ್ತಕ್ಕೂ ಹೆಚ್ಚು ವಸ್ತುಗಳನ್ನು ಕೊಂಡದ್ದರಿಂದ ಸಂಗ್ರಹದ ಒಂದು ಭಾಗ ಕೂಡಿಯೇ ಉಳಿಯಿತಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಯಾವ ಮ್ಯೂಸಿಯಂ ಎಂದು ಅವನು ಹೇಳಲಿಲ್ಲ. ನೋಡಲು, ಅಳೆಯಲು, ಹೋಲಿಸಲು ಸಿಗದ ವಸ್ತುಗಳು ಕೂಡಿದ್ದರೂ ಅವು ಯಾವ ಪ್ರಶ್ನೆಗೂ ಉತ್ತರ ಕೊಡಲಾರವು.

ಮೂರು ವರ್ಷಗಳ ನಂತರ, 2019ರ ನವೆಂಬರ್‌ನಲ್ಲಿ, ಅದೇ ಹರಾಜು ಮನೆ ಮತ್ತೊಮ್ಮೆ ಹಿಟ್ಲರನ ಟೊಪ್ಪಿಯನ್ನೂ, ಗೋರಿಂಗನ ಬಳಿಯಿದ್ದ, ಹಿಟ್ಲರ್ ಬರೆದ ಮೈನ್ ಕಾಂಫ್ ಪುಸ್ತಕದ ಬೆಳ್ಳಿ ಲೇಪದ ಹೊದಿಕೆಯ ಪ್ರತಿಯನ್ನೂ ಮಾರಾಟಕ್ಕಿಟ್ಟಿತು. ಆಗ ಲೆಬನಾನ್ ಮೂಲದ ಸ್ವಿಸ್ ಉದ್ಯಮಿ ಅಬ್ದುಲ್ಲಾ ಶತೀಲಾ ಸುಮಾರು ಆರು ಲಕ್ಷ ಯೂರೋ ವೆಚ್ಚಮಾಡಿ ಅವುಗಳಲ್ಲಿ ಹಲವನ್ನು ಕೊಂಡು ಇಸ್ರೇಲಿನ ಸಂಸ್ಥೆಗೆ ಒಪ್ಪಿಸಿದರು. ನಾಜಿಗಳು ಕೊಂದ ಯೆಹೂದಿಗಳ ನೆನಪಿಗಾಗಿ ಜೆರುಸಲೇಮಿನಲ್ಲಿರುವ ಯಾದ್ ವಶೇಮ್ ಸ್ಮಾರಕದಲ್ಲಿ ಅವನ್ನು ಇಡುವುದೆಂದು ತೀರ್ಮಾನವಾಯಿತು. ತಪ್ಪು ಕೈಗೆ ಸಿಗಬಾರದೆಂದು ಮೊದಲು ಅವನ್ನು ಸುಟ್ಟುಹಾಕುವ ಯೋಚನೆ ಅವರಿಗಿತ್ತು. ಸುಡದೆ ಒಪ್ಪಿಸಿದ್ದಕ್ಕೆ ನಾನು ಅವರಿಗೆ ಋಣಿ. 2016ರಲ್ಲಿ ಅಂಥ ಕೊಳ್ಳುವವರು ಯಾರೂ ಮುಂದೆ ಬರಲಿಲ್ಲ, ಸಾರ್ವಜನಿಕ ಸಂಸ್ಥೆಯೊಂದು ಮುಂಚೆಯೇ ಆ ವಾರಸುದಾರರ ಬಾಗಿಲು ತಟ್ಟಿ ಇಡಿಯಾಗಿ ಕೊಂಡುಕೊಳ್ಳಲೂ ಇಲ್ಲ.

ಗೋರಿಂಗನ ದಂತದ ದಂಡವನ್ನು ನೋಡಬೇಕೆಂದರೆ ಇಂದಿಗೂ ಅಮೆರಿಕದ ಮ್ಯೂಸಿಯಮ್ಮಿಗೆ ಹೋಗಿ ಗಾಜಿನ ಈಚೆ ನಿಂತು ನೋಡಬಹುದು. ಮ್ಯೂನಿಕ್‌ನಲ್ಲಿ ಬಿಕರಿಯಾದ, ಸೆರೆಮನೆಯ ಕೋಣೆಯಿಂದ ಬಂದ ಆ ಬಟ್ಟೆಯ ವಿಷಯದಲ್ಲಿ ನನ್ನಂಥ ಓದುಗನಿಗೆ ದಕ್ಕಿರುವುದು ಹರಾಜಿನ ಕ್ಯಾಟಲಾಗಿನ ಚಿತ್ರ, ಅದರ ಕೆಳಗಿನ ನಾಲ್ಕು ಸಾಲು, ಮತ್ತು ಅದು ಮಾರಿಹೋದ ಬೆಲೆ.